ಮಧ್ಯಾಹ್ನ ಎರಡು ಗಂಟೆಯ ಹದಿನಾರು

ಅಥವಾ ಅದು ಮೇ ತಿಂಗಳೇ ಆಗಿರಲಿಲ್ಲವೇನೋ. ಏಪ್ರಿಲ್ ಕೊನೆಯೂ ಇರಬಹುದು. ಇದನ್ನು ಹೇಳುವಾಗಲೆಲ್ಲ ನಾನು ಮೇ ಎಂದೇ ಹೇಳುತ್ತೇನೆ, ಏಕೆಂದರೆ ಚೆನ್ನೈನ ಮೇ ಎಂದರೆ ಸಾಕು, ಕೇಳುವವರು ತಾವಾಗಿಯೇ ಬೆವರುತ್ತಾರೆ, ನನ್ನ ಕೆಲಸ ಹಗುರವಾಗುತ್ತದೆ. ಹೀಗೆ ಹಗುರ ಮಾಡಿಕೊಳ್ಳುತ್ತಲೇ ಆ ಬೇಸಿಗೆಯಲ್ಲಿ ನಿಜವಾಗಿ ಏನು ನಡೆಯಿತೆಂಬುದು ನನ್ನ ಕೈತಪ್ಪಿ ಹೋಗಿದೆ. ಕಳೆದ ವಾರ ರಿಚ್ಚಿ ಸ್ಟ್ರೀಟಿನಲ್ಲಿ, ಮೆಟ್ಟಿಲ ಕೆಳಗೆ ಕೂತು ಮೊಬೈಲ್ ರಿಪೇರಿ ಮಾಡುವವನೊಬ್ಬ ಕಾದ ಸಾಲ್ಡರಿಂಗ್ ಐರನ್ನನ್ನು ಬೆಸುಗೆಯ ಪೇಸ್ಟಿಗೆ ಅದ್ದಿದ. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಎಗ್ಮೋರಿನ ಸೋದರಮಾವನ ಮನೆಯ ಹಾಲ್, ಕಿಟಕಿಯ ಕಟ್ಟೆಯ ಮೇಲಿನ ಬೂದು ಯಂತ್ರ, ಅತ್ತೆಯ ಗೊಣಗಾಟ, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ವಾಸನೆಯಿಂದ ಬಂದ ನೆನಪು ನಿಜವಾಗಿರುತ್ತದೆ ಎನ್ನುತ್ತಾರೆ. ಸುಳ್ಳು. ಅಂಥ ನೆನಪಿಗೆ ಧೈರ್ಯ ಜಾಸ್ತಿ, ಅಷ್ಟೇ.

ಖಚಿತವಾಗಿ ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಹತ್ತಿರ ಒಂದು ಹಳೆಯ ವಿಡಿಯೊ ಗೇಮ್ ಇತ್ತು. ಅಂಗೈಯಲ್ಲಿ ಹಿಡಿದು ಆಡುವಂಥದ್ದು. ಪ್ಲಾಸ್ಟಿಕ್ ಡಬ್ಬಿ, ಬಣ್ಣವಿಲ್ಲದ ಪರದೆ, ಹಿಂಬದಿಯಲ್ಲಿ ಆಟದ ಕ್ಯಾಸೆಟ್ ಸಿಕ್ಕಿಸುವ ಸಂದು. ಅದನ್ನು ತಯಾರಿಸಿದ ಕಂಪನಿ ಎರಡೋ ಮೂರೋ ವರ್ಷ ಮಾರಿ ಬಾಗಿಲು ಹಾಕಿತು. ಒಳಗಿನ ಚಿಪ್ ಹೇಗೆ ಕೆಲಸ ಮಾಡುತ್ತದೆಂದು ಬರೆದಿಟ್ಟ ಒಂದು ಕಾಗದವೂ ಎಲ್ಲೂ ಉಳಿದಿಲ್ಲ. ಹಾಗಾಗಿ ಬೇರೆ ಬೇರೆ ದೇಶಗಳಲ್ಲಿ ಕೂತ ನಾವೊಂದಿಷ್ಟು ಜನ, ಒಬ್ಬರ ಮುಖ ಒಬ್ಬರು ನೋಡದವರು, ಆ ಯಂತ್ರವನ್ನು ಬಿಚ್ಚಿ, ಕೆಣಕಿ, ಅದು ಕೊಡುವ ಉತ್ತರಗಳಿಂದ ಅದರ ಹೊಟ್ಟೆಯೊಳಗೆ ಏನಿದೆ ಎಂದು ಊಹಿಸುತ್ತಿದ್ದೆವು. ಊಹಿಸಿದ್ದನ್ನೆಲ್ಲ ಸೇರಿಸಿ, ಕಂಪ್ಯೂಟರೇ ಆ ಯಂತ್ರದಂತೆ ನಟಿಸುವ ಪ್ರೋಗ್ರಾಮ್ ಒಂದನ್ನು ಕಟ್ಟುತ್ತಿದ್ದೆವು. ಯಂತ್ರಗಳೆಲ್ಲ ಸತ್ತ ಮೇಲೂ ಆಟಗಳು ಉಳಿಯಲಿ ಎಂಬ ಆಸೆ. ಇದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಕಚೇರಿಯಲ್ಲಿ ಯಾರಿಗಾದರೂ ವಿವರಿಸಲು ಹೋದರೆ, 'ಓ, ಮಕ್ಕಳ ಆಟ' ಎಂದು ಟೀ ಕುಡಿಯಲು ಹೋಗುತ್ತಾರೆ.

ನಾನು ನುಂಗಂಬಾಕ್ಕಂನ ವಿಮಾ ಕಚೇರಿಯೊಂದರಲ್ಲಿ ಕ್ಲೇಮುಗಳನ್ನು ಪರಿಶೀಲಿಸುವವಳು. ಅಂದರೆ ಜನ ಬರೆದುಕೊಟ್ಟದ್ದನ್ನು ಸುಲಭವಾಗಿ ನಂಬದಿರುವುದೇ ನನ್ನ ಸಂಬಳದ ಕೆಲಸ. ಇದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನೀವು ನನ್ನನ್ನು ನೋಡಿ ನಗಬೇಕಾಗುತ್ತದೆ.

ಯಂತ್ರದ ಬಗ್ಗೆ ಹೆಚ್ಚುಕಡಿಮೆ ಎಲ್ಲವೂ ತಿಳಿದಿತ್ತು, ಒಂದನ್ನು ಬಿಟ್ಟು. ಆ ಕಂಪನಿಯ ಪ್ರತಿಯೊಂದು ಆಟವೂ ಶುರುವಾಗುವ ಮೊದಲು ಚಿಪ್ಪಿನೊಳಗಿನ ಒಂದು ಜಾಗಕ್ಕೆ ಹೋಗಿ ಅಲ್ಲಿರುವ ಅಂಕಿಯನ್ನು ಓದುತ್ತದೆ. ಓದಿ, ಆ ಅಂಕಿಯನ್ನು ಏನೂ ಮಾಡದೆ ಬಿಟ್ಟುಬಿಡುತ್ತದೆ. ಬಾಗಿಲು ತಟ್ಟಿ, ಒಳಗಿನವರು ಯಾರೆಂದು ಕೇಳುವ ಮೊದಲೇ ಇಳಿದು ಹೋಗುವವರ ಹಾಗೆ. ಯಾಕೆ? ಗೊತ್ತಿಲ್ಲ. ಅಲ್ಲಿ ಏನಿರುತ್ತದೆ? ಸೊನ್ನೆ. ಎಲ್ಲರ ಯಂತ್ರದಲ್ಲೂ, ಯಾವಾಗಲೂ ಸೊನ್ನೆ. ನಮ್ಮ ಗುಂಪಿನ ದಾಖಲೆಯನ್ನು ನೋಡಿಕೊಳ್ಳುತ್ತಿದ್ದವನು ಫಿನ್ಲೆಂಡಿನವನು, ವಿಪರೀತ ಶಿಸ್ತಿನ ಮನುಷ್ಯ. ಅವನು ಆ ಜಾಗದ ಎದುರಿಗೆ ಬರೆದಿದ್ದ: 'ಉಪಯೋಗ ತಿಳಿದಿಲ್ಲ. ಸದಾ ಸೊನ್ನೆ.'

ಒಂದು ಭಾನುವಾರ ಮಧ್ಯಾಹ್ನ ನನ್ನ ಯಂತ್ರದಲ್ಲಿ ಅಲ್ಲಿ ಹದಿನಾರು ಕಂಡಿತು.

ಕಂಡಿತು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನನ್ನ ಫ್ಲಾಟಿನ ಕೊಳಾಯಿಗಳನ್ನೆಲ್ಲ ಕಿತ್ತು ಹಾಕಿದ್ದರಿಂದ ಆ ಬೇಸಿಗೆ ಪೂರ್ತಿ ನಾನು ಎಗ್ಮೋರಿನಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಕತ್ತರಿ ವೆಯಿಲ್, ಅಂದರೆ ಈ ಊರಿನವರು ಲೆಕ್ಕವಿಟ್ಟು ಹೆದರುವ ಆ ಕೆಲವು ವಾರಗಳ ಸುಡುಬಿಸಿಲು, ನಡೆಯುತ್ತಿತ್ತು. ಹಾಲಿನಲ್ಲಿ ಏಸಿ ಇರಲಿಲ್ಲ, ಫ್ಯಾನು ಬಿಸಿಗಾಳಿಯನ್ನೇ ಕಲಸುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಬಿದ್ದಿದ್ದ ಯಂತ್ರವನ್ನು ಆನ್ ಮಾಡಿದೆ. ಆ ಜಾಗದ ಅಂಕಿಯನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸುವ ಪುಟ್ಟ ಪ್ರೋಗ್ರಾಮನ್ನು ನಾನೇ ಬರೆದು ಕ್ಯಾಸೆಟ್ಟಿಗೆ ಹಾಕಿದ್ದೆ. ಹದಿನಾರು. ಆಫ್ ಮಾಡಿ ಆನ್ ಮಾಡಿದೆ. ಹದಿನಾರು. ಫೋನಿನಲ್ಲಿ ಫೋಟೊ ತೆಗೆದೆ. ಆ ಫೋಟೊ ಈಗಲೂ ಇದೆ. ಪರದೆಯ ಮೇಲೆ ಕಿಟಕಿಯ ಸರಳುಗಳು, ನನ್ನ ಹೆಬ್ಬೆರಳಿನ ನೆರಳು, ನಡುವೆ ಬೆಳ್ಳಗೆ ಪ್ರತಿಫಲಿಸಿದ ಬೆಳಕು. ಅಂಕಿ ಮಾತ್ರ ಇಲ್ಲ.

ಫಿನ್ಲೆಂಡಿನವನಿಗೆ ಬರೆದೆ. 'ನಿಮ್ಮ ಯಂತ್ರ ಕೆಟ್ಟಿರಬೇಕು' ಎಂದು ಒಂದೇ ಸಾಲಿನ ಉತ್ತರ ಬಂತು. ಸಿಟ್ಟು ಬಂತು. ನೀವೆಲ್ಲ ಚಳಿಯಲ್ಲಿ ಕೂತು ಅಳೆಯುವವರು, ಈ ಊರಿನ ಸೆಕೆಯಲ್ಲಿ ಅದನ್ನು ಯಾರು ಆನ್ ಮಾಡಿ ನೋಡಿದ್ದೀರಿ? ಆ ಚಿಪ್ಪಿನಲ್ಲಿ ಬಿಸಿಯನ್ನು ಅರಿಯುವ ಭಾಗವೊಂದು ಇರಬೇಕು, ತಯಾರಿಸಿದವರು ಅದನ್ನು ಬಳಸದೆ ಕೈಬಿಟ್ಟಿರಬೇಕು, ಇದು ನನ್ನ ಊಹೆ. ಸಾಧಿಸಬೇಕಾದರೆ ದಿನವಿಡೀ ಗಂಟೆಗೊಮ್ಮೆ ಅಳೆಯಬೇಕು. ಹಗಲಿಡೀ ನಾನು ಕಚೇರಿಯಲ್ಲಿ. ಮನೆಯಲ್ಲಿ ಇದ್ದವರು ಮಾವ.

ಮಾವ ಅಂಬತ್ತೂರಿನ ಕಾರ್ಖಾನೆಯೊಂದರ ಬಾಯ್ಲರ್ ಮನೆಯಲ್ಲಿ ಮೂವತ್ತೊಂದು ವರ್ಷ ಇದ್ದವರು. ಗಂಟೆಗೊಮ್ಮೆ ಒತ್ತಡ, ಶಾಖ, ನೀರಿನ ಮಟ್ಟ ನೋಡಿ ಲಾಗ್ ಷೀಟಿನಲ್ಲಿ ಬರೆಯುವುದು ಅವರ ಉಸಿರಾಟವೇ ಆಗಿತ್ತು. ಇದಕ್ಕಿಂತ ಒಳ್ಳೆಯ ಮನುಷ್ಯ ಎಲ್ಲಿ ಸಿಗಬೇಕು ಎಂದುಕೊಂಡೆ.

"ಮಾವ, ಗಂಟೆಗೊಂದ್ಸಲ ಆಫ್ ಮಾಡಿ, ಹತ್ತು ಎಣಿಸಿ, ಆನ್ ಮಾಡಿ. ಬರೋ ಅಂಕಿ ಬರ್ಕೊಳಿ. ಪಕ್ಕದಲ್ಲಿ ಥರ್ಮಾಮೀಟರ್ ನೋಡಿ ಅದನ್ನೂ ಬರ್ಕೊಳಿ. ಅಷ್ಟೇ."

"ಅಷ್ಟೇನಾ? ನಾಲ್ಕು ಬಾಯ್ಲರ್ ನೋಡ್ಕೊಂಡೋನು ಕಣೇ ನಾನು. ಇದು ಸುಂಡಕ್ಕಾಯಿಯಷ್ಟು ಸಣ್ಣ ಕೆಲಸ."

ಅಡುಗೆಮನೆಯಿಂದ ಅತ್ತೆ ಕೂಗಿದರು. "ವಸು, ಚುಮ್ಮಾ ಕೂತಿದ್ದ ಮನುಷ್ಯನ್ನ ಡ್ಯೂಟಿಗೆ ಹಾಕಿದೀಯ. ಇನ್ನು ನಂಗೆ ಒಂದು ಕಾಯಿ ತುರ್ದು ಕೊಡಲ್ಲ ಇವರು."

"ನೀನು ಸುಮ್ನಿರು, ಇದು ಇಂಟರ್‌ನ್ಯಾಷನಲ್ ಡ್ಯೂಟಿ," ಎಂದರು ಮಾವ.

ನಾನು ಕೊಟ್ಟದ್ದು ಒಂದು ಖಾಲಿ ನೋಟ್‌ಬುಕ್. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟರು. "ಇದ್ರಲ್ಲಿ ಲಾಗ್ ಬರೀತಾರೇನೇ? ಷೀಟ್ ಬೇಕು. ಗೆರೆ ಹೊಡ್ದು, ಟೈಮ್ ಹಾಕಿ." ಮರುದಿನ ಕಚೇರಿಯಲ್ಲಿ ಕೂತು ಚಂದದ ಕೋಷ್ಟಕ ಮಾಡಿ ಪ್ರಿಂಟ್ ತೆಗೆದೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ದಿನಕ್ಕೆ ಎಂಟು ಚೌಕ. ಆ ಪ್ರಿಂಟನ್ನು ನಾನು ತೆಗೆಯಬಾರದಿತ್ತು. ಇಡೀ ಬೇಸಿಗೆಯಲ್ಲಿ ನಾನು ಮಾಡಿದ ತಪ್ಪು ಅದೇ ಎಂದು ಈಗ ಅನ್ನಿಸುತ್ತದೆ. ಹಾಗೆ ಅನ್ನಿಸುವುದೂ ಒಂದು ಅನುಕೂಲವೇ ಇರಬಹುದು; ಒಂದು ಹಾಳೆಯ ಮೇಲೆ ತಪ್ಪು ಹೊರಿಸಿದರೆ ಬೇರೆ ಯಾರ ಮೇಲೂ ಹೊರಿಸಬೇಕಿಲ್ಲ.

ಹತ್ತೊಂಬತ್ತು ದಿನ ಅಳತೆ ನಡೆಯಿತು. ಸೆಲ್ ಸೊರಗಿದರೆ ಅಂಕಿ ಏರುಪೇರಾದೀತೆಂದು ಸೆಲ್ ತೆಗೆದು ಅಡಾಪ್ಟರ್ ಹಾಕಿ ಗೋಡೆಯ ಪ್ಲಗ್ಗಿಗೆ ಜೋಡಿಸಿದ್ದೆ. ಸಂಜೆ ನಾನು ಬೆವರಿನಲ್ಲಿ ಒದ್ದೆಯಾಗಿ ಬಂದಾಗ ಮಾವ ಒಗೆದ ಬನಿಯನ್ ಹಾಕಿಕೊಂಡು, ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡು, ಷೀಟನ್ನು ಕೈಗೆ ಕೊಟ್ಟು, "ಶಿಫ್ಟ್ ಓವರ್, ಮೇಡಂ," ಎನ್ನುತ್ತಿದ್ದರು. ಅವರ ಅಕ್ಷರ ಮುತ್ತಿನಂತಿತ್ತು. ಒಂದು ತಿದ್ದುಪಡಿ ಇಲ್ಲ, ಒಂದು ಕಾಟು ಇಲ್ಲ. ಬೆಳಿಗ್ಗೆ ಸೊನ್ನೆ, ಮಧ್ಯಾಹ್ನ ಒಂದಕ್ಕೆ ಸೊನ್ನೆ, ಎರಡು ಗಂಟೆಗೆ ಹದಿನಾರು, ಮೂರಕ್ಕೆ ಹದಿನಾರು, ಆಮೇಲೆ ಮತ್ತೆ ಸೊನ್ನೆ. ಸ್ವಲ್ಪ ಮೋಡವಿದ್ದ ದಿನ ಮೂರಕ್ಕೂ ಸೊನ್ನೆ. ಇದಕ್ಕಿಂತ ಸ್ವಚ್ಛವಾದ ಸಾಕ್ಷ್ಯ ನಾನು ನೋಡಿರಲಿಲ್ಲ. ಅದೇ ಸ್ವಚ್ಛತೆ ಯಾವುದಾದರೂ ಕ್ಲೇಮ್ ಫೈಲಿನಲ್ಲಿ ಇದ್ದಿದ್ದರೆ ನಾನು ಕೆಂಪು ಚೀಟಿ ಅಂಟಿಸಿ ತನಿಖೆಗೆ ಕಳಿಸುತ್ತಿದ್ದೆ.

ನಕ್ಷೆ ಬಿಡಿಸಿ ಗುಂಪಿಗೆ ಕಳಿಸಿದೆ. ಎರಡು ದಿನ ನನಗೆ ಹಬ್ಬ. ಫಿನ್ಲೆಂಡಿನವನು ಕ್ಷಮೆ ಕೇಳಿದ. ಕೇಳಿದ ರೀತಿಯೂ ಶಿಸ್ತಿನದೇ. ದಾಖಲೆಯಲ್ಲಿ 'ಸದಾ ಸೊನ್ನೆ' ಎಂಬುದನ್ನು ತೆಗೆದು, ಶಾಖ ಹೆಚ್ಚಾದಾಗ ಹದಿನಾರು ಎಂದು ಸೇರಿಸಿ, ಕೆಳಗೆ ನನ್ನ ಹೆಸರು ಹಾಕಿದ. ಅಳತೆ ತೆಗೆದವರು ಎಂದು ಮಾವನ ಹೆಸರನ್ನೂ ಹಾಕಿಸಿದೆ. ಆ ಪುಟವನ್ನು ಪ್ರಿಂಟ್ ತೆಗೆದು ತಂದುಕೊಟ್ಟಾಗ ಮಾವ ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಹಾಲಿನವನಿಗೆ, ಇಸ್ತ್ರಿಯವನಿಗೆ, ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ತೋರಿಸಿದರು. ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅವರು ಬರೆದ ಷೀಟುಗಳ ಕೆಳಗೆ ಇದ್ದದ್ದು ಸೂಪರ್‌ವೈಸರನ ಸಹಿ. ಅವರ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ.

ನಂತರ ಫಿನ್ಲೆಂಡಿನವನು ಮೂಲ ಷೀಟುಗಳ ಸ್ಕ್ಯಾನ್ ಕೇಳಿದ. ಅನುಮಾನದಿಂದಲ್ಲ, ಕಾಪಿಡುವುದಕ್ಕೆ. ಶನಿವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಒಂದೊಂದನ್ನೇ ಹರಡಿ ಫೋನಿನಿಂದ ಸ್ಕ್ಯಾನ್ ಮಾಡುತ್ತಿದ್ದೆ. ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಾ ಪಕ್ಕದಲ್ಲಿ ಕೂತಿದ್ದರು. ಅವರ ಕಣ್ಣು ಒಂದು ಷೀಟಿನ ಮೇಲೆ ನಿಂತಿತು.

"ಇದು ಹೋದ ಬುಧವಾರದ್ದಲ್ವೇನೇ?"

"ಹೌದು, ಯಾಕೆ?"

"ಅವತ್ತು ಬೆಳಿಗ್ಗೆ ಒಂಬತ್ತರಿಂದ ಸಾಯಂಕಾಲದವರೆಗೂ ಕರೆಂಟೇ ಇರ್ಲಿಲ್ವಲ್ಲೇ. ಬೀದಿ ಕೇಬಲ್ ಕೆಲಸ ಅಂತ. ಮಿಕ್ಸಿ ಓಡಿಸೋಕಾಗದೆ ನಾನು ಅಂಗಡಿಯಿಂದ ದೋಸೆಹಿಟ್ಟು ತರಿಸಿದ್ದು. ಹುಳಿ ಹುಳಿ ಅಂತ ನೀನೇ ಮೂಗು ಮುರಿದ್ಯಲ್ಲ!"

ಷೀಟು ನೋಡಿದೆ. ಬುಧವಾರದ ಎಂಟೂ ಚೌಕ ಭರ್ತಿ. ಎರಡಕ್ಕೆ ಹದಿನಾರು. ಮೂರಕ್ಕೆ ಹದಿನಾರು.

ಮಾವ ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದರು. ಷೀಟು ಹಿಡಿದು ಹೋದೆ. "ಮಾವ, ಬುಧವಾರ ಕರೆಂಟ್ ಇರ್ಲಿಲ್ವಂತೆ."

"ಇರ್ಲಿಲ್ಲ. ಬೆಂದುಹೋದ್ವಿ."

"ಮತ್ತೆ ಈ ಅಂಕಿ?"

ಕನ್ನಡಕ ಸರಿಮಾಡಿಕೊಂಡು ನೋಡಿದರು. "ಸರಿಯಾಗೇ ಇದ್ಯಲ್ಲ. ಹಿಂದಿನ ದಿನಾನೂ ಹೀಗೇ, ಮಾರನೇ ದಿನಾನೂ ಹೀಗೇ."

"ಮೆಷೀನ್ ಆನೇ ಆಗದೆ ಹದಿನಾರು ಎಲ್ಲಿಂದ ಬಂತು ಮಾವ?"

"ಅಲ್ವೇ ವಸು," ಎಂದರು, ನಾನೇ ಏನೋ ಅವಿವೇಕದ ಮಾತಾಡುತ್ತಿರುವೆನೆಂಬ ಹಾಗೆ, "ಚೌಕ ಖಾಲಿ ಬಿಡೋಕಾಗುತ್ತಾ?"

ನಾನು ಎದುರಿಗೆ ಕೂತೆ. ಅವರು ಪೇಪರ್ ಮಡಚಿಟ್ಟು ತಾಳ್ಮೆಯಿಂದ ವಿವರಿಸಿದರು. ಬಾಯ್ಲರ್ ಮನೆಯಲ್ಲಿ ಖಾಲಿ ಚೌಕವೆಂದರೆ ನೀನು ನಿದ್ದೆ ಮಾಡಿದ್ದೆ ಎಂದು ನೀನೇ ಬರೆದುಕೊಟ್ಟ ಹಾಗೆ. ಪಂಪಿನ ಹತ್ತಿರ ಹೋಗಿದ್ದಿರಬಹುದು, ವಾಲ್ವ್ ಸರಿಮಾಡುತ್ತಿದ್ದಿರಬಹುದು, ಯಾರು ಕೇಳುತ್ತಾರೆ? ಖಾಲಿ ಬಿಟ್ಟರೆ ಮೆಮೊ. ಅದಕ್ಕೇ ಶಿಫ್ಟ್ ಮುಗಿಯುವ ಮೊದಲು ಎಲ್ಲರೂ ಕೂತು ಷೀಟ್ ಪೂರ್ತಿ ಮಾಡುತ್ತಿದ್ದರು.

"ನೋಡ್ದೇನೇ?"

"ಎಷ್ಟಿರತ್ತೆ ಅಂತ ಗೊತ್ತಿರತ್ತಲ್ವೇ. ಪ್ರೆಶರ್ ಅಂತೂ ಇದ್ದೇ ಇತ್ತು. ನಾನು ನೋಡ್ಲಿಲ್ಲ ಅಂದ್ರೆ ಇಲ್ದೇ ಹೋಗುತ್ತಾ?"

ಮಾವ ಮೋಸ ಮಾಡುವವರಲ್ಲ. ಚಿಲ್ಲರೆ ಹೆಚ್ಚು ಬಂದರೆ ಬಿಸಿಲಲ್ಲಿ ವಾಪಸ್ ನಡೆದು ಹೋಗಿ ಕೊಟ್ಟು ಬರುವವರು. ಅವರ ಪ್ರಕಾರ ಖಾಲಿ ಚೌಕವೇ ಸುಳ್ಳು.

"ಬುಧವಾರ ಒಂದೇ ದಿನಾನಾ ಮಾವ? ಬೇರೆ ದಿನ?"

"ಬೇರೆ ಎಲ್ಲಾ ನೋಡಿ ಬರ್ದಿದ್ದೇ." ಸ್ವಲ್ಪ ತಡೆದು, "ಬಹುಪಾಲು," ಎಂದರು.

ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ನಗು ತಡೆಯಲಾಗಲಿಲ್ಲ. "ಊಟ ಆದ್ಮೇಲೆ ಒಂದೂವರೆಗೆ ತಲೆ ಇಟ್ರೆ ಮೂರೂವರೆ ಕಾಪಿಗೆ ನಾನು ಎಬ್ಬಿಸ್ಬೇಕು. ಎರಡು ಗಂಟೆ, ಮೂರು ಗಂಟೆ ಯಾರು ನೋಡಿದ್ರಂತೆ, ನಾನಾ?"

"ಅಲಾರಂ ಇಟ್ಕೊಂಡಿದ್ದೆ ಕಣೇ!"

"ಇಟ್ಕೊಂಡಿದ್ರಿ. ಅದು ಬಡ್ಕೊಳ್ತಿತ್ತು, ನೀವು ಮಗ್ಗುಲಾಗ್ತಿದ್ರಿ."

"ಎಲ್ಲಾ ದಿನಾನಾ? ಕೆಲವು ದಿನ ಎದ್ದಿಲ್ವಾ ನಾನು?"

"ಕೆಲವು ದಿನ ಎದ್ರಿ, ಇಲ್ಲ ಅನ್ನಲ್ಲ."

ಎರಡು ಮತ್ತು ಮೂರು. ಹದಿನಾರು ಇದ್ದದ್ದು ಆ ಎರಡು ಚೌಕಗಳಲ್ಲಿ ಮಾತ್ರ. ನನ್ನ ಸಾಕ್ಷ್ಯವೆಲ್ಲ ಮಾವನ ಮಧ್ಯಾಹ್ನದ ನಿದ್ದೆಯೊಳಗೆ ಮಲಗಿತ್ತು. ಆ ಭಾನುವಾರ ಹದಿನಾರನ್ನು ನೋಡಿದಾಗ ನಾನು ಕುಣಿದಾಡಿ ಮನೆಯವರಿಗೆಲ್ಲ ಹೇಳಿದ್ದೆ, ಬಿಸಿಗೆ ಹೀಗಾಗಿದೆ ಎಂದೂ ಹೇಳಿದ್ದೆ. ಎಷ್ಟಿರುತ್ತದೆ ಎಂದು ಮಾವನಿಗೆ ಗೊತ್ತಿರುವಂತೆ ಮಾಡಿದವಳು ನಾನೇ.

ಕೆಂಪು ಪೆನ್ನು ಕೊಟ್ಟೆ. "ಮಾವ, ನೀವು ಕಣ್ಣಾರೆ ನೋಡಿ ಬರೆದ ಚೌಕಕ್ಕೆ ಮಾತ್ರ ಟಿಕ್ ಹಾಕಿ. ಜ್ಞಾಪಕ ಇಲ್ದಿದ್ರೆ ಹಾಗೇ ಬಿಡಿ. ಖಾಲಿ ಬಿಟ್ರೆ ಯಾರೂ ಏನೂ ಅನ್ನಲ್ಲ." ಅವರ ಮುಖ ಸಣ್ಣದಾಗಿತ್ತು. ಮೇಜಿನ ಮುಂದೆ ಕೂತು, ಒಂದೊಂದು ಚೌಕದ ಮೇಲೂ ಬೆರಳಿಟ್ಟು, ಕಣ್ಣು ಮುಚ್ಚಿ ಯೋಚಿಸಿ, ಟಿಕ್ ಹಾಕತೊಡಗಿದರು. ಅಷ್ಟು ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಲು ಹೆಣಗುವವರನ್ನು ನಾನು ನೋಡಿಲ್ಲ. ಒಂದು ಗಂಟೆ ಬಿಟ್ಟು ಹೋಗಿ ನೋಡಿದೆ. ಬುಧವಾರವೊಂದನ್ನು ಬಿಟ್ಟು ಎಲ್ಲ ಚೌಕಗಳಲ್ಲೂ ಕೆಂಪು ಟಿಕ್ಕು, ಒಂದೇ ಅಳತೆಯವು, ಸಾಲಾಗಿ. ಅವರು ಸುಳ್ಳು ಹೇಳುತ್ತಿರಲಿಲ್ಲ. ಟಿಕ್ಕಿಲ್ಲದ ಚೌಕವನ್ನು ಹಾಗೇ ಬಿಟ್ಟು ಮುಂದೆ ಹೋಗುವುದು ಅವರ ಕೈಗೆ ಬರುತ್ತಿರಲಿಲ್ಲ, ಅಷ್ಟೇ. ನನಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಚಚ್ಚಿಕೊಂಡೆನೋ ಏನೋ.

ನಾನೇ ಅಳೆಯುತ್ತೇನೆಂದು ಒಂದು ವಾರ ರಜೆ ಹಾಕಿದೆ. ಅಷ್ಟರಲ್ಲಿ ಕತ್ತರಿ ಮುಗಿದಿತ್ತು. ಮಧ್ಯಾಹ್ನವಾಗುತ್ತಲೇ ಸಮುದ್ರದ ಗಾಳಿ ಬೀಸತೊಡಗಿತು. ಊರಿಗೆಲ್ಲ ನೆಮ್ಮದಿ, ನನಗೆ ಮಾತ್ರ ಹೊಟ್ಟೆಯುರಿ. ಬೇಕಾದಾಗ ಬರದ ಗಾಳಿ! ಸೊನ್ನೆ. ಸೊನ್ನೆ. ಸೊನ್ನೆ. ನಾಲ್ಕನೆಯ ದಿನ ತಾಳ್ಮೆ ಕೆಟ್ಟು, ಡಬ್ಬಿ ಬಿಚ್ಚಿ, ಚಿಪ್ಪಿನ ಮೇಲೆ ಅತ್ತೆಯ ಹೇರ್ ಡ್ರೈಯರ್ ಹಿಡಿದೆ. ಬಿಸಿ ಬೇಕೆಂದರೆ ಬಿಸಿ ತಗೋ. ಇನ್ನೂ ಹತ್ತಿರ, ಇನ್ನೂ ಹೊತ್ತು. ಪರದೆಯ ಮೇಲೆ ಅಡ್ಡಗೆರೆಗಳು ಬಂದವು, ಆಮೇಲೆ ಏನೂ ಬರಲಿಲ್ಲ. ಸಾಲ್ಡರಿಂಗ್ ಐರನ್ ಹಿಡಿದು ಇಡೀ ಮಧ್ಯಾಹ್ನ ಒಂದೊಂದೇ ಬೆಸುಗೆಯನ್ನು ಮತ್ತೆ ಹಾಕಿದೆ. ಹಾಲ್ ತುಂಬ ಹೊಗೆ. ಯಂತ್ರ ಏಳಲಿಲ್ಲ. ಮಾವನ ಕೆಟ್ಟ ದಾಖಲೆಯಾದರೂ ಉಳಿದಿತ್ತು. ಅದನ್ನು ಪರೀಕ್ಷಿಸಿ ನೋಡಬಹುದಾಗಿದ್ದ ಒಂದೇ ವಸ್ತುವನ್ನು ಕೊಂದವಳು ನಾನು, ಮಾವ ಅಲ್ಲ.

ಫಿನ್ಲೆಂಡಿನವನಿಗೆ, ದಾಖಲೆಯ ಆ ಸಾಲನ್ನು ಹಿಂದಕ್ಕೆ ಪಡೆಯುವೆನೆಂದು ಬರೆದೆ. ಕಾರಣ ಕೇಳಿದ. 'ಅಂಕಿಗಳನ್ನು ಕಲ್ಪಿಸಿ ಬರೆಯಲಾಗಿದೆಯೇ?' ಎಂದು ನೇರವಾಗಿಯೇ ಕೇಳಿದ. ಹೌದು ಎನ್ನಲಾರೆ, ಇಲ್ಲವೆನ್ನಲಾರೆ. ಮಾವನ ಹೆಸರಿನ ಮುಂದೆ ಆ ಮಾತು ಬೀಳುವುದು ನನಗೆ ಬೇಡವಾಗಿತ್ತು. ಅಳತೆಯ ವಿಧಾನವನ್ನು ರೂಪಿಸಿದವಳು ನಾನು, ಅದು ನಂಬಲು ತಕ್ಕದ್ದಲ್ಲ, ಯಂತ್ರವನ್ನು ಹಾಳು ಮಾಡಿದವಳೂ ನಾನೇ ಎಂದು ಬರೆದೆ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೂ ಬರೆದು ಮುಗಿಸಿದಾಗ ನಾನೂ ಒಂದು ಚೌಕ ತುಂಬಿಸಿದೆನೆಂದೇ ಅನ್ನಿಸಿತು. ಅವನು ಸಾಲು ತೆಗೆದ. ಸಾಲಿನ ಜೊತೆ ಇಬ್ಬರ ಹೆಸರೂ ಹೋಯಿತು. ಪಾಪ, ತನ್ನ ಯಂತ್ರವನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು ಅವನೂ ನೋಡಿದನಂತೆ. ಸೊನ್ನೆ. ಆದರೆ ಅವನದು ಬೇರೆ ಕಂತಿನಲ್ಲಿ ತಯಾರಾದ ಚಿಪ್, ಅದರಿಂದ ಏನೂ ಇತ್ಯರ್ಥವಾಗುವುದಿಲ್ಲ.

ಮಾವನಿಗೆ ಹೇಳದೆ ಇರಬಹುದಿತ್ತು. ಪ್ಲಾಸ್ಟಿಕ್ ಕವರಿನಲ್ಲಿದ್ದ ಪುಟ ಅವರ ಹತ್ತಿರವೇ ಇತ್ತು, ಅದು ಬದಲಾಗುವುದಿಲ್ಲವಲ್ಲ. ಒಂದು ವಾರ ಹೇಳಲಿಲ್ಲ. ಆಮೇಲೆ ಒಂದು ಸಂಜೆ ಅವರೇ ಕೇಳಿದರು.

"ಏನಂತೆ ನಿನ್ನ ಫಿನ್ಲೆಂಡ್? ನಮ್ಮ ಲಾಗ್ ಇಟ್ಕೊಂಡಿದಾನಾ?"

"ಇಲ್ಲ ಮಾವ. ತೆಗೆದ್ಬಿಟ್ರು. ನಾನೇ ತೆಗೆಸ್ದೆ."

ಮಾವ ಕಿಟಕಿಯ ಕಟ್ಟೆಯನ್ನು ನೋಡಿದರು. ಅಲ್ಲಿ ಈಗ ಅತ್ತೆಯ ಬಾಳಕದ ಮೆಣಸಿನಕಾಯಿಯ ತಟ್ಟೆ ಇತ್ತು. "ನಾನು ನೋಡಿದೀನಿ ಕಣೇ," ಎಂದರು. "ಹದಿನಾರು. ಸುಳ್ಳಲ್ಲ."

"ಯಾವತ್ತು ಮಾವ?"

"ಅದು ಹೇಳೋಕೆ ಬರಲ್ಲ."

ಅವರನ್ನು ನಾನು ಮತ್ತೆ ಕೇಳಲಿಲ್ಲ. ಕೇಳುವ ಹಕ್ಕು ನನಗೂ ಇರಲಿಲ್ಲ. ನಾನು ನೋಡಿದ್ದಕ್ಕೂ ಅಷ್ಟೇ ಆಧಾರ. ಆ ಭಾನುವಾರ ಪರದೆಯ ಮೇಲೆ ಹದಿನಾರೇ ಇತ್ತೋ, ಬೆಳಕಿನ ಹೊಳಪಿನಲ್ಲಿ ಬೇರೇನೋ ಹಾಗೆ ಕಂಡಿತೋ, ಗೊತ್ತಿಲ್ಲ. ಮಾವ ಎಷ್ಟು ಮಧ್ಯಾಹ್ನ ಎದ್ದು ನೋಡಿದರು, ಒಮ್ಮೆಯಾದರೂ ನೋಡಿದರೋ, ಗೊತ್ತಿಲ್ಲ. ಆಟಗಳೆಲ್ಲ ಆ ಒಂದು ಜಾಗಕ್ಕೆ ಹೋಗಿ ಓದುವುದೇತಕ್ಕೆ, ಓದಿದ್ದನ್ನು ಬಿಟ್ಟುಬಿಡುವುದೇತಕ್ಕೆ, ನನಗೆ ಗೊತ್ತಿಲ್ಲ. ದಾಖಲೆಯಲ್ಲಿ ಆ ಜಾಗದ ಎದುರಿಗೆ ಈಗ 'ಉಪಯೋಗ ತಿಳಿದಿಲ್ಲ' ಎಂದಷ್ಟೇ ಇದೆ. ಅದರ ಮುಂದೆ 'ಸದಾ ಸೊನ್ನೆ' ಎಂದು ಮರಳಿ ಬರೆಯಲು ಫಿನ್ಲೆಂಡಿನವನಿಗೂ ಯಾಕೋ ಮನಸ್ಸು ಬಂದಿಲ್ಲ.